ಎರಡನೆಯ ಪ್ರಶ್ನೆ ಕೇಳುವ ಹಕ್ಕು

ಅಧಿವೇಶನದ ದಿನಗಳಲ್ಲಿ ಪತ್ರಿಕೆ ಓದುವವರಿಗೆ ಒಂದು ಸಾಲು ಚಿರಪರಿಚಿತ: ‘ಗದ್ದಲದಲ್ಲಿ ಪ್ರಶ್ನೋತ್ತರ ವೇಳೆ ಕೊಚ್ಚಿಹೋಯಿತು’. ಗದ್ದಲ ಯಾವ ವಿಷಯಕ್ಕೆ, ಸಭಾಧ್ಯಕ್ಷರ ಪೀಠದ ಮುಂದೆ ಯಾರು ಧರಣಿ ಕುಳಿತರು, ಯಾರು ಕಾಗದ ಹರಿದು ತೂರಿದರು ಎಂಬುದೆಲ್ಲ ಸುದ್ದಿಯಾಗುತ್ತದೆ. ಕೊಚ್ಚಿಹೋದ ಆ ಒಂದು ಗಂಟೆಯಲ್ಲಿ ಏನಿತ್ತು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಹೇಗಿದ್ದರೂ ಉತ್ತರಗಳು ಅಚ್ಚಾಗಿ ಸದಸ್ಯರ ಕೈ ಸೇರಿರುತ್ತವೆ, ಹಾಗಿರುವಾಗ ನಷ್ಟವಾದದ್ದಾದರೂ ಏನು ಎಂದು ಕೇಳುವವರೂ ಇದ್ದಾರೆ.

ನಷ್ಟವಾದದ್ದು ಎರಡನೆಯ ಪ್ರಶ್ನೆ. ಸದನದ ಭಾಷೆಯಲ್ಲಿ ಅದಕ್ಕೆ ‘ಉಪಪ್ರಶ್ನೆ’ ಎಂದು ಹೆಸರು. ಮಂತ್ರಿಗಳನ್ನು ಜನಪ್ರತಿನಿಧಿಗಳು ಪ್ರಶ್ನಿಸುವ ಪದ್ಧತಿಯ ಚರಿತ್ರೆಯನ್ನು ನೋಡಿದರೆ, ನಮ್ಮ ದೇಶದಲ್ಲಿ ಮೊದಲನೆಯ ಪ್ರಶ್ನೆಗೆ ಅನುಮತಿ ಸಿಕ್ಕ ಮೇಲೂ ಎರಡನೆಯದಕ್ಕಾಗಿ ಕಾಯಬೇಕಾಯಿತು ಎಂಬುದು ತಿಳಿಯುತ್ತದೆ.

ಮೊದಲು ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯೋಣ. ಮಂತ್ರಿಯಿಂದ ಬಾಯಿಮಾತಿನ ಉತ್ತರ ಬಯಸುವ ಪ್ರಶ್ನೆಗೆ ಚುಕ್ಕೆ ಗುರುತು ಹಾಕಲಾಗುತ್ತದೆ. ಲಿಖಿತ ಉತ್ತರ ಸಾಕೆನ್ನುವುದಕ್ಕೆ ಚುಕ್ಕೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಸದಸ್ಯರು ಕನಿಷ್ಠ 15 ದಿನ ಮೊದಲೇ ಸೂಚನೆ ಕೊಟ್ಟಿರಬೇಕು. ಅಷ್ಟು ದಿನಗಳಲ್ಲಿ ಪ್ರಶ್ನೆ ಇಲಾಖೆಗೆ ಹೋಗಿ, ಕಡತವಾಗಿ, ಕೆಳಗಿನ ಕಚೇರಿಗಳಿಂದ ಅಂಕಿಅಂಶ ತರಿಸಿಕೊಂಡು, ಕಾರ್ಯದರ್ಶಿಯ ಕಣ್ಣು ದಾಟಿ, ಯಾರಿಗೂ ನೋವಾಗದ ಉತ್ತರವಾಗಿ ಹೊರಬರುತ್ತದೆ.

ನಮ್ಮ ವಿಧಾನಸಭೆಯ ಪ್ರಶ್ನೋತ್ತರ ಪಟ್ಟಿಗಳನ್ನು ನೋಡಿದವರಿಗೆ ಆ ಉತ್ತರಗಳ ಧಾಟಿ ಗೊತ್ತು. ‘(ಅ) ಈ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ?’ ‘ಬಂದಿದೆ.’ ‘(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?’ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು.’ ಮಂತ್ರಿಗಳು ಎದ್ದು ನಿಂತು ‘ಉತ್ತರವನ್ನು ಒದಗಿಸಿದೆ’ ಎಂದಷ್ಟೇ ಹೇಳುತ್ತಾರೆ. ನಿಜವಾದ ಪರೀಕ್ಷೆ ಅಲ್ಲಿಂದ ಆರಂಭ. ಅನುದಾನ ಎಷ್ಟಿತ್ತು, ಯಾವ ತಾಲ್ಲೂಕಿಗೆ ಹೋಯಿತು, ನಮ್ಮ ತಾಲ್ಲೂಕಿಗೆ ಏಕಿಲ್ಲ ಎಂದು ಸದಸ್ಯರು ಕೇಳಿದರೆ ಅದಕ್ಕೆ ಸಿದ್ಧ ಉತ್ತರ ಇರುವುದಿಲ್ಲ. ಅಧಿಕಾರಿಗಳು ಊಹಿಸಿ ಟಿಪ್ಪಣಿ ಬರೆದುಕೊಟ್ಟಿರಬಹುದು. ಆದರೆ ಪ್ರಶ್ನೆ ಯಾವ ಕಡೆಯಿಂದ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಮಂತ್ರಿಗೆ ತನ್ನ ಇಲಾಖೆ ಗೊತ್ತಿದೆಯೋ ಇಲ್ಲವೋ ಎಂಬುದು ಎಲ್ಲರೆದುರು ಬಯಲಾಗುವುದು ಆಗಲೇ.

ಕಂಪನಿಯ ಖಜಾಂಚಿ ಎಲ್ಲಿ?

ಪಾರ್ಲಿಮೆಂಟಿನಲ್ಲಿ ಸರ್ಕಾರಕ್ಕೆ ಪ್ರಶ್ನೆ ಕೇಳಿದ್ದರ ಮೊದಲ ದಾಖಲೆ ಇಂಗ್ಲೆಂಡಿನದು. 1720ರಲ್ಲಿ ಸೌತ್ ಸೀ ಕಂಪನಿಯ ಷೇರುಗಳ ಬೆಲೆ ಏರಿ, ಕುಸಿದು, ಸಾವಿರಾರು ಜನ ಹಣ ಕಳೆದುಕೊಂಡಿದ್ದರು. ಕಂಪನಿಯ ಖಜಾಂಚಿ ರಾಬರ್ಟ್ ನೈಟ್ ದೇಶ ಬಿಟ್ಟು ಓಡಿಹೋಗಿದ್ದ. 1721ರ ಫೆಬ್ರವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ ಕೂಪರ್ ಪ್ರಭು ಎದ್ದು, ಆತ ಬ್ರಸೆಲ್ಸ್‌ನಲ್ಲಿ ಸೆರೆಸಿಕ್ಕಿದ್ದು ನಿಜವೇ ಎಂದು ಸರ್ಕಾರವನ್ನು ಕೇಳಿದರು. ಸಾರ್ವಜನಿಕರ ಹಣದ ವಿಷಯದಿಂದಲೇ ಈ ಪದ್ಧತಿ ಆರಂಭವಾಯಿತೆಂಬುದು ಗಮನಾರ್ಹ. ಮುಂದಿನ ಎರಡು ಶತಮಾನಗಳಲ್ಲಿ ಅದು ಅಲ್ಲಿ ನಿಯಮವಾಗಿ ಬೆಳೆಯಿತು. ಪ್ರಧಾನಿಯನ್ನು ಪ್ರಶ್ನಿಸಲು 1961ರಲ್ಲಿ ವಾರಕ್ಕೆ ಎರಡು ಬಾರಿ 15 ನಿಮಿಷಗಳ ಅವಧಿ ಗೊತ್ತಾಯಿತು. 1997ರಲ್ಲಿ ಅದು ಬುಧವಾರದ ಅರ್ಧ ಗಂಟೆಯಾಯಿತು.

ಇಂಗ್ಲೆಂಡಿನಲ್ಲಿ ಬೆಳೆದ ಈ ಹಕ್ಕನ್ನು ಭಾರತಕ್ಕೆ ಕೊಡಲು ಅಲ್ಲಿನ ಸರ್ಕಾರಕ್ಕೆ ಮನಸ್ಸಿರಲಿಲ್ಲ. 1853ರ ಕಾಯ್ದೆಯಂತೆ ಕಲ್ಕತ್ತೆಯಲ್ಲಿ ರಚನೆಯಾದ ಶಾಸನ ಸಭೆಯಲ್ಲಿ ಭಾರತೀಯರು ಒಬ್ಬರೂ ಇರಲಿಲ್ಲ. ಆದರೂ ಆ ಸಭೆ ತನ್ನನ್ನು ಒಂದು ಸಣ್ಣ ಪಾರ್ಲಿಮೆಂಟೆಂದೇ ಭಾವಿಸಿ ಸರ್ಕಾರದ ಕೆಲಸಗಳನ್ನು ವಿಚಾರಿಸತೊಡಗಿತು. 1860ರಲ್ಲಿ ಟಿಪ್ಪು ಸುಲ್ತಾನನ ವಂಶಸ್ಥರಿಗೆ ಕೊಡುವ ಹಣದ ವಿಷಯದಲ್ಲಿ ಸಭೆಗೂ ಸರ್ಕಾರಕ್ಕೂ ತಕರಾರು ಬೆಳೆಯಿತು. ಅಧಿಕಾರಿಗಳೇ ತುಂಬಿದ್ದ ಸಭೆಯ ಈ ಕುತೂಹಲವೂ ಸರ್ಕಾರಕ್ಕೆ ಸಹನೆಯಾಗಲಿಲ್ಲ. 1861ರ ಕಾಯ್ದೆ ಶಾಸನ ಸಭೆಗಳು ಶಾಸನ ಮಾಡುವುದನ್ನು ಬಿಟ್ಟು ಬೇರೇನನ್ನೂ ಮಾಡಕೂಡದೆಂದು ಗೆರೆ ಎಳೆಯಿತು. ಮುಂದಿನ ಮೂವತ್ತು ವರ್ಷ ಪ್ರಶ್ನೆಯ ಬಾಯಿ ಮುಚ್ಚಿಹೋಯಿತು.

ಕೇಳಬಹುದು, ಮತ್ತೆ ಕೇಳುವಂತಿಲ್ಲ

1885ರಲ್ಲಿ ಹುಟ್ಟಿದ ಕಾಂಗ್ರೆಸ್ಸಿನ ಮೊದಮೊದಲ ಬೇಡಿಕೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕೂ ಒಂದಾಗಿತ್ತು. 1892ರ ಕಾಯ್ದೆಯಲ್ಲಿ ಅದು ದೊರೆಯಿತು, ಆದರೆ ಕೈಕಾಲು ಕಟ್ಟಿದ ಸ್ಥಿತಿಯಲ್ಲಿ. ಆರು ದಿನಗಳ ಮುನ್ಸೂಚನೆ ಬೇಕು. ಪ್ರಶ್ನೆ ಮಾಹಿತಿ ಕೇಳುವಂತಿರಬೇಕೇ ಹೊರತು ವಾದ ಹೂಡುವಂತಿರಬಾರದು. ಅಧ್ಯಕ್ಷರು ಅದನ್ನು ತಳ್ಳಿಹಾಕಬಹುದು. ಉತ್ತರ ಬಂದ ಮೇಲೆ ಅದರ ಬಗ್ಗೆ ಚರ್ಚೆಯಿಲ್ಲ, ಉಪಪ್ರಶ್ನೆಯೂ ಇಲ್ಲ.

ಈ ನಿಯಮದಡಿ ಮೊದಲ ಪ್ರಶ್ನೆ ಬಂದದ್ದು 1893ರ ಫೆಬ್ರವರಿ 16ರಂದು. ಕೇಳಿದವರು ಅವಧ ಪ್ರಾಂತದ ಭಿಂಗಾ ಎಂಬ ಸಂಸ್ಥಾನದ ಮಹಾರಾಜರು. ವಿಷಯ ಮಾತ್ರ ಅರಮನೆಯದಲ್ಲ, ಹಳ್ಳಿ ಅಂಗಡಿಯದು. ಸರ್ಕಾರಿ ಅಧಿಕಾರಿಗಳು ಪ್ರವಾಸ ಬಂದಾಗ ಅವರಿಗೆ ಸಾಮಾನು ಪೂರೈಸುವ ಹೊರೆ ಹಳ್ಳಿಯ ಅಂಗಡಿಕಾರರ ಮೇಲೆ ಬೀಳುತ್ತಿತ್ತು. ಆ ಕಷ್ಟ ಸರ್ಕಾರಕ್ಕೆ ತಿಳಿದಿದೆಯೇ ಎಂಬುದು ಪ್ರಶ್ನೆ. ಸಾಹೇಬರ ಬಿಡಾರಕ್ಕೆ ಸಾಮಾನು ಒದಗಿಸಿದ ಅಂಗಡಿಕಾರನ ಪಾಡು ಕಲ್ಕತ್ತೆಯ ಸಭೆಯ ಕಡತಕ್ಕೆ ಏರಿದ್ದು ಸಣ್ಣ ಸಂಗತಿಯಲ್ಲ. ಆದರೆ ಉತ್ತರ ಸಾಲದೆಂದು ಅನಿಸಿದರೂ ಮಹಾರಾಜರು ಮತ್ತೊಮ್ಮೆ ಏಳುವಂತಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಮೊದಲೇ ಬೇರೊಂದು ಬಗೆಯ ಪ್ರಯೋಗ ನಡೆದಿತ್ತು. ದಿವಾನ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 144 ಸದಸ್ಯರು ಬಂದಿದ್ದರು. ದಿವಾನರು ಸಂಸ್ಥಾನದ ಆಡಳಿತದ ವರದಿ ಓದುವುದು, ಸದಸ್ಯರು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಡುವುದು, ಇದು ಸಭೆಯ ಕ್ರಮ. ಶಾಸನ ಮಾಡುವ ಅಧಿಕಾರ ಅದಕ್ಕಿರಲಿಲ್ಲ, ದಿವಾನರನ್ನು ಇಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಆದರೂ ಆಡಳಿತ ನಡೆಸುವವರು ವರ್ಷಕ್ಕೊಮ್ಮೆ ಪ್ರಜೆಗಳೆದುರು ನಿಂತು ಲೆಕ್ಕ ಹೇಳಬೇಕೆಂಬ ಪದ್ಧತಿ ಇಲ್ಲಿ ಬೇರೂರಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು.

ಬ್ರಿಟಿಷ್ ಭಾರತದಲ್ಲಿ ಉಪಪ್ರಶ್ನೆಯ ಬಾಗಿಲು ತೆರೆದದ್ದು 1909ರ ಮಾರ್ಲೆ-ಮಿಂಟೋ ಸುಧಾರಣೆಯಿಂದ. ಅದೂ ಅರ್ಧ ಬಾಗಿಲು. ಮೂಲ ಪ್ರಶ್ನೆ ಕೇಳಿದವರಿಗಷ್ಟೇ ಉಪಪ್ರಶ್ನೆಯ ಅವಕಾಶ, ಉಳಿದವರು ಸುಮ್ಮನೆ ಕೇಳಿಸಿಕೊಳ್ಳಬೇಕು. 1919ರ ಸುಧಾರಣೆಯಲ್ಲಿ ಯಾವ ಸದಸ್ಯರು ಬೇಕಾದರೂ ಉಪಪ್ರಶ್ನೆ ಹಾಕಬಹುದೆಂದಾಯಿತು. 1921ರಿಂದ ಸಭೆಯ ಮೊದಲ ಗಂಟೆ ಪ್ರಶ್ನೆಗಳಿಗೇ ಮೀಸಲಾಯಿತು. ಚುಕ್ಕೆ ಗುರುತಿನ ಪದ್ಧತಿಯೂ ಆಗಲೇ ಬಂದದ್ದು. ಒಬ್ಬರು ಎತ್ತಿದ ಎಳೆಯನ್ನು ಇನ್ನೊಬ್ಬರು ಹಿಡಿದು ಜಗ್ಗುವ ಅವಕಾಶ ಹೀಗೆ ಸಿಕ್ಕಿತು. ಸ್ವತಂತ್ರ ಭಾರತ ಇದನ್ನು ಉಳಿಸಿಕೊಂಡಿತು. ವಿಚಿತ್ರವೆಂದರೆ ನಮ್ಮ ಸಂವಿಧಾನದಲ್ಲಿ ‘ಪ್ರಶ್ನೋತ್ತರ ವೇಳೆ’ ಎಂಬ ಮಾತಿಲ್ಲ. ಮಂತ್ರಿಮಂಡಲ ಸದನಕ್ಕೆ ಸಾಮೂಹಿಕವಾಗಿ ಹೊಣೆ ಎಂದು ಅದು ಹೇಳುತ್ತದೆ. ಆ ಹೊಣೆಯನ್ನು ದಿನದಿನವೂ ಕೇಳುವ ವಿಧಾನವನ್ನು ಸದನಗಳ ನಿಯಮಗಳಿಗೆ ಬಿಟ್ಟಿದೆ.

ಮುದ್ಗಲ್‌ನಿಂದ ಮುಂದ್ರಾವರೆಗೆ

ಹಕ್ಕಿಗೆ ಬೆಲೆ ಇದ್ದಲ್ಲಿ ಅದನ್ನು ಮಾರುವ ಆಸೆಯೂ ಹುಟ್ಟುತ್ತದೆ. 1951ರಲ್ಲಿ, ಮೊದಲ ಮಹಾಚುನಾವಣೆಗೂ ಮುನ್ನ, ಹಂಗಾಮಿ ಸಂಸತ್ತಿನ ಸದಸ್ಯ ಎಚ್.ಜಿ. ಮುದ್ಗಲ್ ಅವರ ಮೇಲೆ ಇಂತಹ ಆರೋಪ ಬಂತು. ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್ ಎಂಬ ಪೂರ್ಣ ಹೆಸರೇ ಉತ್ತರ ಕರ್ನಾಟಕದ ನಂಟನ್ನು ಹೇಳುತ್ತದೆ. ಪತ್ರಕರ್ತರಾದ ಅವರು ನ್ಯೂಯಾರ್ಕಿನಲ್ಲಿದ್ದಾಗ ಕರಿಯರ ನಾಯಕ ಮಾರ್ಕಸ್ ಗಾರ್ವಿಯ ‘ನೀಗ್ರೋ ವರ್ಲ್ಡ್’ ಪತ್ರಿಕೆಯ ಸಂಪಾದಕರಾಗಿದ್ದವರು. ಬೊಂಬಾಯಿಯ ಚಿನ್ನಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು ಸಂಸತ್ತಿನಲ್ಲಿ ಅವರ ಪರವಾಗಿ ಪ್ರಶ್ನೆ ಕೇಳಿದರೆಂಬುದು ಆರೋಪ. ಸಮಿತಿ ವಿಚಾರಣೆ ನಡೆಸಿ ನಡತೆ ತಪ್ಪೆಂದಿತು. ಉಚ್ಚಾಟನೆಯ ಗೊತ್ತುವಳಿಯನ್ನು ಪ್ರಧಾನಿ ನೆಹರು ಅವರೇ ಮಂಡಿಸಿದರು. ಮತಕ್ಕೆ ಹಾಕುವ ಮೊದಲೇ ಮುದ್ಗಲ್ ರಾಜೀನಾಮೆ ಕೊಟ್ಟರು.

ಆ ಸಮಿತಿಯ ಅಧ್ಯಕ್ಷರು ಟಿ.ಟಿ. ಕೃಷ್ಣಮಾಚಾರಿ. ಆರು ವರ್ಷಗಳ ನಂತರ ಪ್ರಶ್ನೆಗಳ ಎದುರು ನಿಲ್ಲುವ ಸರದಿ ಅವರದಾಯಿತು. ಅಷ್ಟರಲ್ಲಿ ಅವರು ಕೇಂದ್ರದ ಅರ್ಥಮಂತ್ರಿ. ಖಾಸಗಿ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ 1956ರಲ್ಲಿ ಸ್ಥಾಪಿಸಿದ ಜೀವ ವಿಮಾ ನಿಗಮ, 1957ರ ಜೂನ್‌ನಲ್ಲಿ ಹರಿದಾಸ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತ್ತು. ನಿಗಮದ್ದೇ ಆದ ಹೂಡಿಕೆ ಸಮಿತಿಯನ್ನು ಕೇಳಿರಲಿಲ್ಲ. ಆ ಹಣ ಪಾಲಿಸಿ ಮಾಡಿಸಿದ್ದ ಸಾಮಾನ್ಯ ಜನರದು.

ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ದೊರೆತ ಉತ್ತರಗಳು ಸುತ್ತುಬಳಸಿನವು. ಸದಸ್ಯರು ಬಿಡಲಿಲ್ಲ. ಅವರಲ್ಲಿ ಮುಂದೆ ನಿಂತವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷದವರೇ, ಸಾಲದೆಂದು ಪ್ರಧಾನಿಯ ಅಳಿಯ. ಡಿಸೆಂಬರ್‌ನಲ್ಲಿ ಅವರು ದಾಖಲೆಗಳೊಡನೆ ವಿಷಯವನ್ನು ಸದನದ ಮುಂದಿಟ್ಟ ಮೇಲೆ ಮುಚ್ಚಿಡುವುದು ಆಗಲಿಲ್ಲ. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಬಹಿರಂಗ ವಿಚಾರಣೆ ನಡೆಸಿತು. ಕೇಳಲು ಬಂದ ಜನರಿಗಾಗಿ ಹೊರಗೆ ಧ್ವನಿವರ್ಧಕ ಹಾಕಬೇಕಾಯಿತು. ಕಾರ್ಯದರ್ಶಿ ಮಾಡಿದ್ದಕ್ಕೆ ಸಂವಿಧಾನದ ದೃಷ್ಟಿಯಲ್ಲಿ ಮಂತ್ರಿಯೇ ಹೊಣೆ ಎಂದು ಛಾಗ್ಲಾ ಹೇಳಿದರು. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ಮೊದಲ ಉತ್ತರಕ್ಕೆ ಸದಸ್ಯರು ತೃಪ್ತರಾಗಿ ಕುಳಿತಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಮುದ್ಗಲ್ ಪ್ರಕರಣದ ಪಾಠ ಮಾತ್ರ ಎಲ್ಲರಿಗೂ ನೆನಪಿನಲ್ಲಿ ಉಳಿಯಲಿಲ್ಲ. ಪ್ರಶ್ನೆ ಕೇಳಲು ಹಣ ಪಡೆದುದು ರಹಸ್ಯ ಕ್ಯಾಮೆರಾದಲ್ಲಿ ಸೆರೆಯಾಗಿ, 2005ರ ಡಿಸೆಂಬರ್ 23ರಂದು ಲೋಕಸಭೆಯ ಹತ್ತು ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು.

ಗಂಟೆಯೇ ಇಲ್ಲದಾದಾಗ

ಕೆಲವು ಸಂದರ್ಭಗಳಲ್ಲಿ ಈ ಗಂಟೆಯನ್ನೇ ಕೈಬಿಟ್ಟದ್ದೂ ಉಂಟು. 1962ರಲ್ಲಿ ಚೀನಾ ಯುದ್ಧದ ಕಾಲದಲ್ಲಿ ಹಾಗಾಯಿತು. ತುರ್ತು ಪರಿಸ್ಥಿತಿ ಘೋಷಣೆಯಾದ ನಂತರ 1975ರ ಜುಲೈನಲ್ಲಿ ಸೇರಿದ ಅಧಿವೇಶನದಲ್ಲೂ ಪ್ರಶ್ನೋತ್ತರ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನು ರದ್ದುಪಡಿಸಿದಾಗ, ಲಿಖಿತ ಉತ್ತರಗಳನ್ನು ಕೊಡುತ್ತೇವಲ್ಲ ಎಂದು ಸರ್ಕಾರ ಸಮಾಧಾನ ಹೇಳಿತು. ಲಿಖಿತ ಉತ್ತರಕ್ಕೆ ಉಪಪ್ರಶ್ನೆಯಿಲ್ಲ. ಆ ಮಟ್ಟಿಗೆ ಸಂಸತ್ತು 1892ರ ಸ್ಥಿತಿಗೆ ಮರಳಿತ್ತು.

ಗದ್ದಲದಿಂದ ಕಲಾಪ ನಿಂತಾಗಲೂ ಆಗುವುದು ಇದೇ. ಬಾಯುತ್ತರದ ಸರದಿ ಬಾರದ ಚುಕ್ಕೆ ಗುರುತಿನ ಪ್ರಶ್ನೆಗಳಿಗೂ ಲಿಖಿತ ಉತ್ತರ ಮಂಡನೆಯಾಗುತ್ತದೆ. ಇಲಾಖೆ ಬರೆದುಕೊಟ್ಟದ್ದು ಹಾಗೆಯೇ ಕಡತ ಸೇರುತ್ತದೆ, ಮಂತ್ರಿಗಳು ನಿರಾಳ. ಗಲಾಟೆ ಮಾಡಿದವರು ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸಿದೆವೆಂದು ಭಾವಿಸಿರಬಹುದು. ಅಂದು ಇಕ್ಕಟ್ಟಿನಿಂದ ಪಾರಾದದ್ದು ಸರ್ಕಾರವೇ. ಗದ್ದಲದಿಂದ ಈ ಗಂಟೆಯನ್ನು ಕಾಪಾಡಲೆಂದು ರಾಜ್ಯಸಭೆ 2014ರ ನವೆಂಬರ್‌ನಿಂದ ಪ್ರಶ್ನೋತ್ತರವನ್ನು ಬೆಳಗಿನ 11 ಗಂಟೆಯ ಬದಲು ಮಧ್ಯಾಹ್ನ 12ಕ್ಕೆ ಇಟ್ಟುಕೊಂಡಿತು.

ಮಂತ್ರಿ ಸದನದಲ್ಲಿ ಆಡಿದ ಮಾತಿಗೆ ಇನ್ನೊಂದು ಬೆಲೆಯೂ ಇದೆ. ‘ಪರಿಶೀಲಿಸಲಾಗುವುದು’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬಂತಹ ಮಾತುಗಳನ್ನು ಭರವಸೆಗಳೆಂದು ಬರೆದಿಟ್ಟುಕೊಂಡು, ಅವು ಈಡೇರಿದವೇ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿಯೇ ಇದೆ. ಉಪಪ್ರಶ್ನೆಗೆ ಉತ್ತರಿಸುತ್ತಾ ಮಂತ್ರಿ ಒಪ್ಪಿಕೊಂಡ ರಸ್ತೆಯೋ ಶಾಲಾ ಕಟ್ಟಡವೋ ಹೀಗೆ ಲೆಕ್ಕಕ್ಕೆ ಸೇರುತ್ತದೆ. ಕೇಳದಿದ್ದರೆ ಒಪ್ಪಿಗೆಯೂ ಇಲ್ಲ, ಲೆಕ್ಕವೂ ಇಲ್ಲ.

ಮಾಹಿತಿ ಹಕ್ಕಿನ ಕಾಯ್ದೆ ಬಂದ ಮೇಲೆ ನಾಗರಿಕರೂ ಅರ್ಜಿ ಹಾಕಿ ಸರ್ಕಾರದಿಂದ ಉತ್ತರ ಪಡೆಯಬಹುದು. ಆದರೆ ಮಂತ್ರಿಯನ್ನು ಎದುರಿಗೆ ನಿಲ್ಲಿಸಿಕೊಂಡು ‘ಹಾಗಾದರೆ ಇದೇಕೆ ಹೀಗಾಯಿತು?’ ಎಂದು ಅಲ್ಲೇ ಕೇಳುವ ಅವಕಾಶ ನಾವು ಆರಿಸಿ ಕಳಿಸಿದವರಿಗೆ ಮಾತ್ರ ಇದೆ. ಅದನ್ನು ಅವರು ಬಳಸಿದರೇ ಎಂಬುದು ಮತ ಕೇಳಲು ಬಂದಾಗ ನಾವು ಅವರಿಗೆ ಹಾಕಬಹುದಾದ ಪ್ರಶ್ನೆ. 1893ರಲ್ಲಿ ಭಿಂಗಾದ ಮಹಾರಾಜರು ಅಂಗಡಿಕಾರರ ಪರವಾಗಿ ಒಂದು ಪ್ರಶ್ನೆ ಕೇಳಿದ ಮೇಲೆ ಮುಂದುವರಿಯಲು ನಿಯಮ ಬಿಡಲಿಲ್ಲ. ಇಂದಿನ ಶಾಸಕರನ್ನು ತಡೆಯುವ ಅಂತಹ ನಿಯಮ ಯಾವುದೂ ಇಲ್ಲ.