ಶತಮಾನಲೋಪವೂ ವಿಮಾನಯಾನದ ಭೀತಿಯೂ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳ ಶಿಲಾಲೇಖಗಳು ಬಿ. ಎಲ್. ರೈಸ್ ರವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ 12ನೆಯ ಸಂಪುಟದಲ್ಲಿ ಸೇರಿರುತ್ತವೆ. ಇಂತಹ ಲೇಖಗಳ ಕಾಲವನ್ನು ನಿರ್ಣಯಿಸಹೊರಟವರಿಗೆ ಎದುರಾಗುವ ತೊಡಕುಗಳಲ್ಲಿ ಮುಖ್ಯವಾದುದು ಸಂವತ್ಸರಚಕ್ರದ್ದು. ಶಕವರ್ಷವನ್ನು ಹೇಳದೆ ಸಂವತ್ಸರನಾಮವನ್ನು ಮಾತ್ರ ಕೊಡುವ ಶಾಸನವು ಅರುವತ್ತು ವರ್ಷಗಳ ಯಾವ ಆವರ್ತಕ್ಕೆ ಸೇರಿದುದೆಂಬುದನ್ನು ತಾನೇ ತಿಳಿಸಲಾರದು. ಪ್ರಮಾಥಿ ಎಂದಷ್ಟೇ ಹೇಳಿದರೆ ಅದು ಕ್ರಿ. ಶ. 1879 ಆಗಬಹುದು, 1939 ಆಗಬಹುದು, 1999 ಸಹ ಆಗಬಹುದು. ಆದರೂ ವಿದ್ವಾಂಸರು ದೊರೆಯ ಹೆಸರು, ತಿಥಿ, ವಾರ, ಗ್ರಹಣ, ಲಿಪಿ ಇವುಗಳನ್ನು ಕೂಡಿಸಿ ನೋಡಿ ಸಂಶಯವನ್ನು ಪರಿಹರಿಸುತ್ತಾರೆ.

ಈ ಸೀಮೆಗೆ ಗಣನಾಭೇದಗಳು ಹೊಸವಲ್ಲ. ಮೊಗಲರ ಪ್ರಾಂತರಾಜಧಾನಿಯಾಗಿದ್ದ ಸಿರಾದಲ್ಲಿ ಚಾಂದ್ರಮಾನದ ಹಿಜರಿ ಶಕವು ನಡೆಯಿತು. ಬಳಿಕ ಟೀಪು ಸುಲ್ತಾನನು ಹಿಜರಿಯನ್ನು ಬಿಟ್ಟು ಮೌಲೂದಿ ಶಕವನ್ನು ಬಳಕೆಗೆ ತಂದುದಲ್ಲದೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದೆ ಆತನ ನಾಣ್ಯವನ್ನು ಓದಿದವನು ಶತಮಾನಗಳನ್ನೇ ತಪ್ಪುವನು, ಅರಿತವನು ತಪ್ಪನು.

ಇಂತಹುದೇ ಸಂಕ್ಷೇಪವು ವಿವೇಚನೆಯಿಲ್ಲದ ಯಂತ್ರದ ಪಾಲಿಗೆ ಬಂದರೆ ಏನಾದೀತೆಂಬ ಪ್ರಶ್ನೆಯು 20ನೆಯ ಶತಮಾನದ ಅಂತ್ಯದಲ್ಲಿ ಲೋಕವನ್ನೆಲ್ಲ ಕಾಡಿತು. ಗಣಕಯಂತ್ರಗಳ ಸ್ಮೃತಿಕೋಶವು ದುಬಾರಿಯಾಗಿದ್ದ ದಿನಗಳಲ್ಲಿ ಮಿತವ್ಯಯಕ್ಕಾಗಿ ವರ್ಷವನ್ನು ಕೊನೆಯ ಎರಡೇ ಅಂಕಿಗಳಿಂದ ಬರೆಯುವ ರೂಢಿ ಬಂದಿತ್ತು. 2000ವನ್ನು 00 ಎಂದು ಕಂಡ ಯಂತ್ರವು ಅದನ್ನು 1900 ಎಂದು ಭಾವಿಸಬಹುದಾಗಿದ್ದಿತು. ವೈ-ಟೂ-ಕೆ ಎಂದು ಹೆಸರಾದುದು ಈ ದೋಷವೇ. ಆ ರಾತ್ರಿ ವಿಮಾನಗಳು ಆಕಾಶದಿಂದ ಬಿದ್ದುಹೋಗುವುವೆಂಬ ಭಯವು ಜನರಲ್ಲಿ ಹರಡಿತು.

ಭಯಕ್ಕೆ ಕಾರಣವಿದ್ದಿತು, ಆದರೆ ಅದು ನೆಲೆ ತಪ್ಪಿತ್ತು. ವಿಮಾನದ ರೆಕ್ಕೆಯನ್ನೂ ಎಂಜಿನನ್ನೂ ನಡೆಯಿಸಲು ಶತಮಾನದ ಅರಿವು ಬೇಕಾಗಿಲ್ಲ. ವರ್ಷದ ಲೆಕ್ಕವು ಬೇಕಾದುದು ಹೆಚ್ಚಾಗಿ ನೆಲದ ಮೇಲೆ: ಟಿಕೆಟ್ಟುಗಳ ಕಾದಿರಿಸುವಿಕೆ, ಬಿಡಿಭಾಗಗಳ ತಪಾಸಣೆಯ ಅವಧಿ, ಸಂಚಾರನಿಯಂತ್ರಣ ಮೊದಲಾದವುಗಳಲ್ಲಿ. ಅಮೆರಿಕದ ವಿಮಾನಸಂಚಾರ ಕೇಂದ್ರಗಳಲ್ಲಿದ್ದ ಐ. ಬಿ. ಎಂ. 3083 ಯಂತ್ರಗಳ ವಿಷಯದಲ್ಲಿ ಭರವಸೆ ಕೊಡಲು ತಯಾರಿಸಿದವರೇ ಒಪ್ಪಲಿಲ್ಲ. 1999ರೊಳಗಾಗಿ ಅವುಗಳಿಗೆ ಬದಲು ಹೊಸವನ್ನು ಇಡಬೇಕಾಯಿತು. ಈ ಸೀಮೆಗೆ ನೆರೆಯದಾದ ಬೆಂಗಳೂರಿನಲ್ಲಿಯೂ ಇನ್ಫೋಸಿಸ್, ವಿಪ್ರೋ ಮೊದಲಾದ ಸಂಸ್ಥೆಗಳು ಪರದೇಶದವರ ಹಳೆಯ ಗಣಕಸೂತ್ರಗಳನ್ನು ತಿದ್ದುವ ಕೆಲಸವನ್ನು ಕೈಕೊಂಡು ಹೆಸರು ಗಳಿಸಿದುವು.

ಶಕ 1921ನೆಯ ಪ್ರಮಾಥಿ ಸಂವತ್ಸರದ ಮಾರ್ಗಶಿರ ಬಹುಳದಲ್ಲಿ ಬಂದ ಆ ಶುಕ್ರವಾರ, ಎಂದರೆ 1999ನೆಯ ಡಿಸೆಂಬರ್ 31, ಶಾಂತವಾಗಿಯೇ ಕಳೆಯಿತು. ಅಮೆರಿಕದ ವಿಮಾನಯಾನಾಧಿಕಾರಿ ಜೇನ್ ಗಾರ್ವೆಯವರು ಜನರ ನಂಬಿಕೆಗಾಗಿ ಆ ಇರುಳು ತಾವೇ ವಿಮಾನದಲ್ಲಿ ಪ್ರಯಾಣಮಾಡಿದರು. ವಿಮಾನಯಾನವು ವಿಶ್ವಕಾಲವನ್ನು ಅನುಸರಿಸುವುದರಿಂದ, ಆಗ ಎಚ್. ಎ. ಎಲ್. ನಿಲ್ದಾಣವನ್ನೇ ಆಶ್ರಯಿಸಿದ್ದ ಬೆಂಗಳೂರಿನ ಸಂಚಾರಕ್ಕೆ ನಿಜವಾದ ವರ್ಷಸಂಧಿಯು ನಡುರಾತ್ರಿಯಲ್ಲಿ ಅಲ್ಲ, ಜನವರಿ 1ರ ಬೆಳಗಿನ ಐದೂವರೆ ಗಂಟೆಗೆ ಬಂದಿತು. ಪಂಚಾಂಗವನ್ನು ನೋಡುವ ರೈತನಿಗಂತೂ ಸಂವತ್ಸರವು ಆ ಬೆಳಿಗ್ಗೆ ಬದಲಾಗಲೇ ಇಲ್ಲ. ವಿಕ್ರಮವು ಯುಗಾದಿಗೆ ಬಂದಿತು. ಆ ವಾರ ಭಾರತದ ವಿಮಾನಯಾತ್ರಿಕರಿಗೆ ಒದಗಿದ ನಿಜವಾದ ಆಪತ್ತು ಗಣಕದಿಂದ ಬಂದುದಲ್ಲ, ಮನುಷ್ಯರಿಂದ: ಡಿಸೆಂಬರ್ 24ರಂದು ಅಪಹೃತವಾದ ಐ. ಸಿ. 814 ವಿಮಾನದವರು ಕಂದಹಾರದಲ್ಲಿ ಬಿಡುಗಡೆ ಹೊಂದಿದುದು 31ರಂದೇ.

ಏನೂ ಆಗಲಿಲ್ಲವಾದ ಕಾರಣ ಭಯವೇ ಹುಸಿಯೆಂದು ಕೆಲವರು ವಾದಿಸಿದರು. ಹೆಚ್ಚು ವೆಚ್ಚಮಾಡದ ದೇಶಗಳಿಗೂ ದೊಡ್ಡ ಹಾನಿಯಾಗಲಿಲ್ಲವೆಂಬುದು ಈ ವಾದಕ್ಕೆ ಬಲವಾದ ಆಧಾರ, ಅದನ್ನು ತಳ್ಳಿಹಾಕಲಾಗದು. ಆದರೆ ಗಾಳಿಯ ಏರುಪೇರನ್ನು ಸೂಚಿಸುವ ಕೆಲವು ಉಪಕರಣಗಳು ಅಮೆರಿಕದ ಹಲವು ನಿಲ್ದಾಣಗಳಲ್ಲಿ ಆ ಸಂಧಿಯಲ್ಲಿಯೇ ತಪ್ಪಿದುದೂ ಅಷ್ಟೇ ನಿಜ. ಆದುದರಿಂದ ಭೀತಿಯು ಅತಿಯಾಗಿದ್ದಿತು, ದೋಷವು ಇದ್ದಿತು ಎನ್ನುವುದೇ ಸಮಂಜಸವೆಂದು ತೋರುತ್ತದೆ.

ದೋಷವು ಮುಗಿದುದೂ ಅಲ್ಲ. ಉಪಗ್ರಹಗಳಿಂದ ದಾರಿ ತಿಳಿಯುವ ಜಿ. ಪಿ. ಎಸ್. ವ್ಯವಸ್ಥೆಯು ವಾರಗಳನ್ನು 1024ರವರೆಗೆ ಎಣಿಸಿ ಮರಳಿ ಸೊನ್ನೆಗೆ ಬರುತ್ತದೆ. 1980ರಲ್ಲಿ ಆರಂಭವಾದ ಈ ಚಕ್ರವು 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ತಿರುಗಿತು. ಮತ್ತೆ 2038ರಲ್ಲಿ ತಿರುಗುವುದು. ಇದು ಸಂವತ್ಸರಚಕ್ರದ ಯಂತ್ರರೂಪವೆಂದರೆ ತಪ್ಪಾಗದು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಹೇಳುವ ಶಾಸನಗಳ ವಿಸ್ತಾರವು ವ್ಯರ್ಥವಾದ ಪುನರುಕ್ತಿಯಲ್ಲ. ಒಂದು ತಪ್ಪಿದರೆ ಇನ್ನೊಂದು ಸಾಕ್ಷಿ ನಿಲ್ಲುವುದು. ಕಲ್ಲಿನ ಮೇಲೆ ಒಂದೊಂದಕ್ಷರವನ್ನೂ ಶ್ರಮದಿಂದ ಕೊರೆದವರು ಉಳಿಸಲೊಲ್ಲದ ಜಾಗವನ್ನು ಗಣಕಸೂತ್ರಗಳನ್ನು ಬರೆದವರು ಉಳಿಸಹೋದರು. ಆ ಉಳಿತಾಯದ ಬೆಲೆಯನ್ನು ಮುಂದಿನವರು ತೆರಬೇಕಾಯಿತು.