ಎಲೆ ಎತ್ತಿದವರ ಹಬ್ಬ

ಕನ್ನಡದಲ್ಲಿ ಹಬ್ಬಗಳ ಬಗ್ಗೆ ಬಂದಿರುವ ಬರಹಗಳಿಗೆ ಕೊರತೆ ಇಲ್ಲ. ಮಾವಿನ ತೋರಣ, ಬೇವು-ಬೆಲ್ಲ, ಒಬ್ಬಟ್ಟಿನ ಘಮಲು, ಅಂಗಳದ ರಂಗೋಲಿ ಎಲ್ಲ ಸೇರಿ 'ನಮ್ಮ ಸಂಸ್ಕೃತಿ' ಎಂಬ ಒಂದು ಚಿತ್ರ ಸಿದ್ಧವಾಗಿದೆ. ಇದನ್ನು ಬರೆದವರು ಯಾವ ಮನೆಯೊಳಗೆ ಕೂತು ಬರೆದರು ಎಂಬುದು ನನ್ನ ಪ್ರಶ್ನೆ. ತೋರಣಕ್ಕೆ ಸೊಪ್ಪು ತಂದವರು ಯಾರು, ಚಪ್ಪರಕ್ಕೆ ಗಳ ಹೊತ್ತವರು ಯಾರು, ಉಂಡಾದ ಮೇಲೆ ಎಲೆ ಎತ್ತಿದವರು ಯಾರು ಎಂದು ಕೇಳಿದ ಕೂಡಲೇ ಆ ಚಿತ್ರ ಅಲ್ಲಾಡತೊಡಗುತ್ತದೆ. ಎಲೆಯ ಮುಂದೆ ಕೂತವರ ಕಡೆಯಿಂದ ಹಬ್ಬದ ಚರಿತ್ರೆ ಬಂದದ್ದಾಯಿತು. ಎಲೆ ಎತ್ತಿದವರ ಕಡೆಯಿಂದ ನೋಡಿದರೆ ಅದು ಬೇರೆಯೇ ಚರಿತ್ರೆ.

ಹಳೇ ಮೈಸೂರು ಸೀಮೆಯಲ್ಲಿ ಒಕ್ಕಲ ಮನೆಗೆ ತಲೆಮಾರಿನಿಂದ ದುಡಿಯುತ್ತಿದ್ದ ಹೊಲೆಯನಿಗೆ 'ಹಳೇಮಗ' ಎಂಬ ಹೆಸರಿತ್ತು. ಮಗ ಅಂತಾರೆ, ಹೊಸ್ತಿಲು ದಾಟಿಸಲ್ಲ! ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಒಂದು ಊರಿನಲ್ಲಿದ್ದು, ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟು ಬರೆದದ್ದರಲ್ಲಿ ಈ ಸಂಬಂಧದ ವಿವರಗಳಿವೆ. ಒಡೆಯನ ಮನೆಯಲ್ಲಿ ಮದುವೆಯಾದರೆ ಹಳೇಮಗ ಗೋಡೆಗೆ ಸುಣ್ಣ ಬಳಿಯಬೇಕು, ಚಪ್ಪರ ಹಾಕಬೇಕು, ಸೌದೆ ಸೀಳಬೇಕು. ದನ ಸತ್ತರೆ ಹೊತ್ತೊಯ್ಯಬೇಕು. ಅಂದರೆ ಊರಿನ ಸಿಂಗಾರ ಮತ್ತು ಊರಿನ ಹೊಲಸು ಎರಡೂ ಒಂದೇ ಹೆಗಲ ಮೇಲೆ ಇದ್ದವು. ಸಂಸ್ಕೃತಿ ಚಿಂತಕರು ಸಿಂಗಾರವನ್ನಷ್ಟೇ ಕಂಡರು, ಹೆಗಲನ್ನು ಕಾಣಲಿಲ್ಲ.

ಶ್ರೀನಿವಾಸರೇ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದಾರೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ರಾಂಪುರದ ಪಕ್ಕದ ಊರೊಂದರ ಅಸ್ಪೃಶ್ಯರು ಮೂರು ಕೆಲಸ ಬಿಡಲು ಹೊರಟರು: ಸತ್ತ ದನ ಹೊರುವುದು, ಊರದೇವರ ಹಬ್ಬಕ್ಕೆ ತಮಟೆ ಬಡಿಯುವುದು, ಮೇಲುಜಾತಿಯವರು ಉಂಡ ಎಲೆ ಎತ್ತುವುದು. ಊರಿನವರು ಅವರನ್ನು ಹೊಡೆದರು, ಗುಡಿಸಲಿಗೆ ಬೆಂಕಿ ಇಟ್ಟರು. ಈ ಮೂರರಲ್ಲಿ ಎರಡು ಹಬ್ಬದ ಕೆಲಸಗಳೇ ಎಂಬುದನ್ನು ಗಮನಿಸಬೇಕು. ಒಂದು ಎಂಜಲೆಲೆಗಾಗಿ ಗುಡಿಸಲು ಸುಡುತ್ತಾರೆ ಎಂದರೆ ಆ ಎಲೆ ಬರೀ ಎಲೆಯಲ್ಲ. ಯಾರು ಮೇಲು ಯಾರು ಕೀಳು ಎಂದು ವರ್ಷವರ್ಷವೂ ಸಾರುವ ಡಂಗುರ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕಾಗದದ ಮೇಲೆ ರದ್ದು ಮಾಡಿತು. ಆದರೆ ಎಲೆ ಎತ್ತುವುದು ಯಾವ ಹುದ್ದೆಯ ಪಟ್ಟಿಯಲ್ಲೂ ಇರಲಿಲ್ಲವಲ್ಲ, ಅದನ್ನು ರದ್ದು ಮಾಡುವವರು ಯಾರು? ಕೇರಿಯವರೇ ಮಾಡಬೇಕಾಯಿತು.

ನಮ್ಮ ಮನೆಯ ಮಾತಿಗೆ ಬರುತ್ತೇನೆ. ಎಪ್ಪತ್ತರ ದಶಕದ ಆರಂಭದವರೆಗೂ ಉಗಾದಿ ಸಂಜೆ ನಮ್ಮವ್ವ ಕುಕ್ಕೆ, ಮಡಕೆ ಹಿಡಿದು ಒಕ್ಕಲ ಮನೆಗಳ ಹಿತ್ತಿಲಿಗೆ ಹೋಗುತ್ತಿದ್ದಳು. ನಾಲ್ಕಾರು ಮನೆಯ ಸಾರು ಒಂದೇ ಮಡಕೆಗೆ ಬೀಳುತ್ತಿತ್ತು. ಒಬ್ಬಟ್ಟು, ಪಲ್ಯ, ಅನ್ನ ಎಲ್ಲ ಕಲೆಸಿಹೋಗಿ ಸಿಹಿ ಯಾವುದು ಖಾರ ಯಾವುದು ಗೊತ್ತಾಗುತ್ತಿರಲಿಲ್ಲ. ವರ್ಷವಿಡೀ ಹಿಟ್ಟು ನುಂಗುವ ನಮಗೆ ಅನ್ನ ಕಾಣುವುದೇ ಅವತ್ತು. ರುಚಿ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಸಿದ ಹೊಟ್ಟೆಗೆ ಅದು ರುಚಿಯಾಗಿಯೇ ಇತ್ತು. ಆ ವ್ಯವಸ್ಥೆ ನಿಂತಿದ್ದದ್ದೂ ಈ ರುಚಿಯ ಮೇಲೆಯೇ.

ಕೇರಿಯ ಹಿರೀಕರು ಕೂತು ಮಾತಾಡಿ 'ಇನ್ನು ಈಸ್ಕೊಂಡು ಉಣ್ಣೋದು ಬ್ಯಾಡ' ಅಂತ ತೀರ್ಮಾನ ಮಾಡಿದ ವರ್ಷ ನಮ್ಮ ಮನೆಯಲ್ಲಿ ಒಬ್ಬಟ್ಟಿರಲಿಲ್ಲ. ಹುರುಳಿಕಾಳಿನ ಸಾರು, ಮುದ್ದೆ, ಅಷ್ಟೆ. ಆಮೇಲೆ ಎರಡು ತಿಂಗಳು ಯಾರೂ ನಮ್ಮವರನ್ನು ಕೂಲಿಗೆ ಕರೆಯಲಿಲ್ಲ. ನಾವು ಚಿಕ್ಕವರು ಒಬ್ಬಟ್ಟಿಗೆ ಅತ್ತೆವಂತೆ. ಅವ್ವ ಅಂದದ್ದು ನನಗೆ ನೆನಪಿದೆ: 'ಕೊಟ್ಟಿದ್ದು ತಿಂದ್ರೆ ಬಾಯಿ ಅವರದ್ದಾಯ್ತದೆ ಕನ್ಲಾ.'

1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸವನ್ನೂ ಎಸೆದ ತುಣುಕನ್ನೂ ಬಿಡಿ ಎಂದು ಕರೆ ಕೊಟ್ಟಿದ್ದರು. ಅಕ್ಷರ ಬಾರದ ನಮ್ಮವ್ವನಿಗೆ ಮಹಾಡ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಗಾಂಧಿಯೂ 1933-34ರ ಹರಿಜನ ಯಾತ್ರೆಯಲ್ಲಿ ಸತ್ತದ್ದನ್ನು ತಿನ್ನಬೇಡಿ, ಹೆಂಡ ಬಿಡಿ ಎಂದೇ ಹೇಳಿದರು. ಮೇಲುನೋಟಕ್ಕೆ ಎರಡೂ ಒಂದೇ ಮಾತು. ಆದರೆ ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಆತ್ಮಶುದ್ಧಿ ಮತ್ತು ಆತ್ಮಗೌರವ ಎಂದು ಗುರುತಿಸಿದ ಅಂತರ ಇಲ್ಲಿದೆ. ಶುದ್ಧಿಯ ಭಾಷೆ ನಮ್ಮ ಬಾಯಿಯನ್ನು ಕೊಳೆ ಎನ್ನುತ್ತದೆ, ತೊಳೆದುಕೊ ಎನ್ನುತ್ತದೆ. ಗೌರವದ ಭಾಷೆ ಕೊಡುವ ಕೈಯನ್ನು ಪ್ರಶ್ನಿಸುತ್ತದೆ. ಅವ್ವನ ಮಾತು ಎರಡನೆಯ ಸಾಲಿನದು. ಅವಳು ಬಿಟ್ಟದ್ದು ಬಾಡನ್ನಲ್ಲ, ದಾನವನ್ನು.

ಇದಕ್ಕೆ ಸಾಕ್ಷಿ ಹೊಸತೊಡಕು. ಉಗಾದಿಯ ಮಾರನೇ ದಿನದ ಈ ಬಾಡೂಟ ಹಳೇ ಮೈಸೂರಿನ ಶೂದ್ರ, ದಲಿತರ ನಿಜವಾದ ಹಬ್ಬ. ಪಂಚಾಂಗದ ಪಂಡಿತರಿಗೆ ಅದು ಹಬ್ಬದ ಬಾಲ. ನಮ್ಮ ಕೇರಿಯಲ್ಲಿ ವರ್ಷವಿಡೀ ಚೀಟಿ ಕಟ್ಟಿ ಕುರಿ ತರುತ್ತಾರೆ. ಕುಯ್ದು ಎಲೆ ಹಾಸಿ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಒಸಿ ಈಲಿ, ಒಸಿ ಮೂಳೆ, ಒಸಿ ಮೆತ್ತನೆ ತುಂಡು ಬೀಳಬೇಕು. ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ 'ಇದು ಯಾರ್ಗಲಾ?' ಅಂತ ಕೇಳುತ್ತಾರೆ, ಅವನು ಹೆಸರು ಕೂಗುತ್ತಾನೆ. ಗಂಡನಿಲ್ಲದ ಹೆಂಗಸಿಗೂ ಯಜಮಾನನಿಗೂ ಒಂದೇ ಅಳತೆ. ಹಿತ್ತಿಲ ಬಾಗಿಲ ಕುಕ್ಕೆಗೂ ಈ ಗುಡ್ಡೆಗೂ ನಡುವೆ ಇರುವ ದೂರವೇ ನಮ್ಮ ಚರಿತ್ರೆ. ಅಲ್ಲಿ ಕೊಟ್ಟಷ್ಟು, ಇಲ್ಲಿ ಪಾಲು.

ಮನೆಯ ಸಿಂಗಾರವೂ ಹೀಗೇ ಬದಲಾಯಿತು. ಒಡೆಯರ ಗೋಡೆಗೆ ಸುಣ್ಣ ಬಳಿದು ಉಳಿದ ತಿಳಿನೀರಲ್ಲಿ ನಮ್ಮ ಗೋಡೆ ಬೆಳ್ಳಗಾಗುತ್ತಿತ್ತು. ಈಗ ನಮ್ಮ ದುಡ್ಡಿನ ಬಣ್ಣ, ನಮ್ಮ ಬಾಗಿಲ ಮಾವಿನ ಸೊಪ್ಪು, ಒಳಗೆ ಅಂಬೇಡ್ಕರ್ ಪಟ. 2021ರಲ್ಲಿ ಉಗಾದಿ ಏಪ್ರಿಲ್ 13ಕ್ಕೆ ಬಂದು, ಹೊಸತೊಡಕು ಬಾಬಾಸಾಹೇಬರು ಹುಟ್ಟಿದ ದಿನವೇ ಆಯಿತು. ಪಟಕ್ಕೆ ಹೂವಿನ ಹಾರ, ಒಲೆ ಮೇಲೆ ಬಾಡಿನ ಸಾರು. ಕೆಲವು ವಿದ್ಯಾವಂತ ಮಿತ್ರರಿಗೆ ಮುಜುಗರವಾಯಿತು. ನನಗೆ ಆಗಲಿಲ್ಲ.

ಆದರೆ ಅದೇ ವರ್ಷದ ಆರಂಭದಲ್ಲಿ ಹೊಸ ಗೋಹತ್ಯೆ ನಿಷೇಧ ಕಾಯ್ದೆ ಜಾರಿಗೆ ಬಂದಿತ್ತು. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ಮೀರಿದ ಎತ್ತಿಗೆ ಅವಕಾಶ ಇತ್ತು; ಹೊಸದು ಹದಿಮೂರು ದಾಟಿದ ಎಮ್ಮೆ ಕೋಣಗಳ ಹೊರತು ಎಲ್ಲವನ್ನೂ ಮುಚ್ಚಿತು. ಕುರಿ ಚೀಟಿ ಕಟ್ಟಲಾಗದವರ ಹಬ್ಬದ ಒಲೆಗೆ ಬಿದ್ದ ನೀರು ಇದು. ಒಂದು ಕಾಲದಲ್ಲಿ ಸತ್ತ ದನವನ್ನು ತಿನ್ನಲೇಬೇಕು ಎಂಬಂತೆ ನಮ್ಮ ಹೆಗಲಿಗೆ ಹೊರಿಸಿದವರ ಮಕ್ಕಳು ಈಗ ಕೊಂಡು ತಿನ್ನುವುದನ್ನು ಅಪರಾಧ ಎನ್ನುತ್ತಾರೆ. ಎರಡು ಆಜ್ಞೆಗಳೂ ಒಂದೇ ಜಗಲಿಯಿಂದ ಬಂದಂಥವು: ನಮ್ಮ ತಟ್ಟೆಯಲ್ಲಿ ಏನಿರಬೇಕು ಎಂದು ಹೇಳುವ ಹಕ್ಕು ತಮ್ಮದೇ ಎಂಬ ನಂಬಿಕೆ.

ದಲಿತ ವಿಮರ್ಶೆ ಪುಸ್ತಕಗಳನ್ನು ಓದಿದಷ್ಟೇ ಎಚ್ಚರದಿಂದ ಈ ಕುಕ್ಕೆ, ಗುಡ್ಡೆ, ಗೋಡೆಗಳನ್ನೂ ಓದಬೇಕು. ಎಲೆ ಎತ್ತುವುದನ್ನು ಬಿಟ್ಟ ವರ್ಷ ಯಾವುದು, ಅದಕ್ಕೆ ಎಷ್ಟು ದಿನ ಕೂಲಿ ಹೋಯಿತು, ಮೊದಲು ಬೇಡ ಎಂದವರು ಯಾರು ಎಂದು ಕೇರಿ ಕೇರಿಗೂ ಹೋಗಿ ಕೇಳಬೇಕು. ಹೇಳುವ ಮುದುಕಿಯರು ಇನ್ನೂ ಕೆಲವರು ಇದ್ದಾರೆ.