ಸಹಿ ಇಲ್ಲದ ಗಾಜು, ಸಹಿ ಇರುವ ಕಲ್ಲು

ಶಾಸನ ಓದ್ತೀನಿ ಅಂತ ಗೊತ್ತಾದ ಮೇಲೆ ಜನ ನನ್ನ ಮುಂದೆ ಏನೇನೋ ತಂದಿಡ್ತಾರೆ. ಸವೆದ ನಾಣ್ಯ, ತಾಮ್ರದ ಚೊಂಬು, ಹೀಗೆ. ಈ ಸಲ ಬಂದದ್ದು ಒಂದು ಗಾಜಿನ ಹೂದಾನಿ. ಜೋಗುಪಾಳ್ಯದಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆ. ಅವನ ತಾಯಿ ಶೋಕೇಸಿನಿಂದ ಅದನ್ನು ತೆಗೆದು, "ಕಲ್ಲು ಓದ್ತೀಯಲ್ಲಪ್ಪ, ಇದನ್ನೂ ಓದು. ಮೊಮ್ಮಗಳಿಗೆ ಕೊಡಬೇಕು, ಯಾರು ಮಾಡಿದ್ದು ಅಂತ ಒಂದು ಚೀಟಿ ಬರೆದುಕೊಡು" ಅಂದರು.

ಗೇಣುದ್ದದ ವಸ್ತು. ಒಂದು ಕೈ ಹೂದಾನಿಯನ್ನು ಹಿಡಿದಿರುವ ಆಕಾರ. ಕಿತ್ತಳೆ ಬಣ್ಣ, ಬೆಳಕಿಗೆ ಹಿಡಿದರೆ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣ ಬಣ್ಣದ ಮಿಂಚು. ತಳದಲ್ಲಿ ಅಕ್ಷರವಿಲ್ಲ, ಗುರುತಿಲ್ಲ. ಮಾವನವರು ದಂಡಿನ ಪ್ರದೇಶದಲ್ಲಿ ಕೊಂಡದ್ದಂತೆ. "ನೂರೈವತ್ತು ವರ್ಷದ್ದು, ಬೆಲ್ಜಿಯಂದು" ಎಂಬುದು ಮನೆಯ ಮಾತು.

ನಮ್ಮಲ್ಲಿ ಹಳೆಯ ಗಾಜೆಲ್ಲ ಬೆಲ್ಜಿಯಂದೇ. ಹಳೆಯ ದೇವಸ್ಥಾನವೆಲ್ಲ ಜಕಣಾಚಾರಿ ಕಟ್ಟಿದ್ದು ಅನ್ನುವ ಹಾಗೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳಿವೆ, ಜಕಣಾಚಾರಿಯ ಹೆಸರಿಲ್ಲ. ಆದರೂ ಊರಿನವರ ಬಾಯಲ್ಲಿ ಉಳಿದದ್ದು ಅವನೊಬ್ಬನೇ. ಸಹಿ ಇಲ್ಲದ ಕಡೆ ನಾವು ದೊಡ್ಡ ಹೆಸರೊಂದನ್ನು ತಂದು ಕೂರಿಸಿಬಿಡ್ತೀವಿ. ಬೆಲ್ಜಿಯಂನಲ್ಲಿ 1826ರಲ್ಲಿ ಶುರುವಾದ ವಾಲ್ ಸೇಂಟ್ ಲ್ಯಾಂಬರ್ಟ್‌ನಂಥ ಹೆಸರಾಂತ ಕಾರ್ಖಾನೆ ಇದ್ದದ್ದು ನಿಜ. ಆದರೆ ಈ ಹೂದಾನಿ ಅಲ್ಲಿಯದು ಅನ್ನೋಕೆ ಆಧಾರ ಏನು?

ಸಹಿ ಇಲ್ಲದ ಕಲ್ಲನ್ನು ನೋಡುವ ಕ್ರಮದಲ್ಲೇ ಶುರು ಮಾಡಿದೆ. ಮೊದಲು ವಸ್ತು ಯಾವುದು, ಆಮೇಲೆ ಕೆಲಸದ ರೀತಿ, ಕೊನೆಗೆ ಹೆಸರಿರುವ ಕೃತಿಗಳ ಜೊತೆ ಹೋಲಿಕೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ 310 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 185 ಗ್ರಾಂ. ಕಡಿಮೆಯಾದ 125 ಗ್ರಾಂನಿಂದ 310ನ್ನು ಭಾಗಿಸಿದರೆ 2.48, ಅದೇ ಸಾಂದ್ರತೆ. ಮಾಮೂಲಿ ಸೋಡಾ ಗಾಜಿನದು 2.5ರ ಆಸುಪಾಸು, ಸೀಸ ಬೆರೆತ ಕ್ರಿಸ್ಟಲ್‌ನದು 3ರ ಆಸುಪಾಸು. ಅಲ್ಲಿಗೆ ಇದು ಕ್ರಿಸ್ಟಲ್ ಅಲ್ಲ. ಹಾಗಂತ ಬೆಲ್ಜಿಯಂದಲ್ಲ ಅಂತಲೂ ಇಷ್ಟರಿಂದಲೇ ಹೇಳೋ ಹಾಗಿಲ್ಲ. ಸೋಡಾ ಗಾಜನ್ನು ಎಲ್ಲ ದೇಶದವರೂ ಮಾಡ್ತಿದ್ದರು.

ಎರಡು ಬದಿಗಳಲ್ಲಿ ಅಚ್ಚಿನ ಗೆರೆ ಮೇಲಿನಿಂದ ಕೆಳಗೆ ಇಳಿದಿದೆ. ಒಳಗೆ ಬೆರಳು ಹಾಕಿ ನೋಡಿದರೆ ಹೊರಗೆ ಉಬ್ಬಿದ ಕಡೆಯೆಲ್ಲ ಒಳಗೆ ತಗ್ಗು. ಅಚ್ಚಿನಲ್ಲಿ ಒತ್ತಿದ ಗಾಜಾಗಿದ್ದರೆ ಒಳಮೈ ನುಣುಪಾಗಿರುತ್ತಿತ್ತು. ಇದು ಅಚ್ಚಿನೊಳಗೆ ಊದಿ ಮಾಡಿದ್ದು. ಬಾಯಂಚನ್ನು ಉಜ್ಜಿ ಸಮ ಮಾಡಿದ್ದಾರೆ. ಕಿತ್ತಳೆ ಬಣ್ಣ ಗಾಜಿನದಲ್ಲ, ಮೇಲಿನ ಲೇಪ. ಸವೆದ ಕಡೆ ಬಿಳಿ ಗಾಜು ಕಾಣುತ್ತೆ. ಬಿಸಿ ಗಾಜಿನ ಮೇಲೆ ಲೋಹದ ಲವಣ ಸಿಂಪಡಿಸಿ ಬರಿಸುವ ಮಿಂಚು ಇದು, ಸಂಗ್ರಾಹಕರು ಇದನ್ನು ಕಾರ್ನಿವಲ್ ಗ್ಲಾಸ್ ಅಂತಾರೆ. ಅಗ್ಗದ ಅಚ್ಚಿನ ಗಾಜಿಗೆ ಈ ಮಿಂಚು ಕೊಟ್ಟು ಮಾರುವುದನ್ನು ಅಮೆರಿಕದ ಫೆಂಟನ್ ಕಾರ್ಖಾನೆ ಶುರು ಮಾಡಿದ್ದು 1907ರ ಸುಮಾರಿಗೆ. ನೂರೈವತ್ತು ವರ್ಷದ ಲೆಕ್ಕ ಇಲ್ಲಿಗೆ ಬಿತ್ತು.

ಇನ್ನು ಹೋಲಿಕೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ದಕ್ಷಿಣದ ಗೋಡೆಯ ಕಡೆ ಬೈಚೋಜನ ಹೆಸರು, ಉತ್ತರದ ಕಡೆ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಹೆಸರಿಲ್ಲದ ವಿಗ್ರಹ ಯಾರದು ಅಂತ ಕೇಳಿದರೆ ಪಕ್ಕದ ಹೆಸರಿರುವ ವಿಗ್ರಹದ ಮುಖ, ಒಡವೆ, ತಲೆಯ ಮೇಲಿನ ಬಳ್ಳಿಯ ಹಂದರ ನೋಡಬೇಕು. ಗಾಜಿಗೂ ಇದೇ ದಾರಿ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಜೈನ್ ಗ್ಲಾಸ್ ವರ್ಕ್ಸ್ ಅಂತ ಒಂದು ಕಾರ್ಖಾನೆ ಇತ್ತು. ಅದರ ಕೆಲವು ಲೋಟಗಳ ಮೇಲೆ ಜೈನ್ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಿನಲ್ಲೇ ಮೂಡಿವೆ. ಅವೇ ನಮಗೆ ಸಹಿ ಇರುವ ವಿಗ್ರಹಗಳು. ಹೂದಾನಿ ಹಿಡಿದ ಕೈ, ಮೀನಿನ ಆಕಾರದ ಹೂದಾನಿ, ಇಂಥವನ್ನು ಸಂಗ್ರಾಹಕರು ಈ ಕಾರ್ಖಾನೆಯ ಹೆಸರಿಗೇ ಸೇರಿಸುತ್ತಾರೆ. ನಮ್ಮ ಹೂದಾನಿ ಆ ಗುಂಪಿಗೆ ಆಕಾರದಲ್ಲೂ ಬಣ್ಣದಲ್ಲೂ ಹೊಂದುತ್ತೆ.

ಹಾಗಾದರೆ ಚೀಟಿಯಲ್ಲಿ "ಜೈನ್ ಕಾರ್ಖಾನೆಯದು" ಅಂತ ಬರೆದುಬಿಡಬಹುದಾ? ಇಲ್ಲಿ ನನ್ನ ಪೆನ್ನು ನಿಂತಿತು. ಫಿರೋಜಾಬಾದಿನಲ್ಲಿ ಇಂಥ ಗಾಜು ಮಾಡಿದ ಕಾರ್ಖಾನೆ ಒಂದೇ ಅಲ್ಲ. ಅಚ್ಚು ಕೈ ಬದಲಾಗುತ್ತೆ, ಓಡುವ ಮಾಲನ್ನು ಪಕ್ಕದವನು ನಕಲು ಮಾಡ್ತಾನೆ. ಸಹಿ ಇದ್ದಾಗಲೇ ತೊಡಕು ತಪ್ಪಿದ್ದಲ್ಲ. ಮಲ್ಲಿತಮ್ಮ ಎಂಬ ಹೆಸರು 1196ರ ಅಮೃತಾಪುರದಲ್ಲೂ ಇದೆ, 13ನೇ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲೂ ಇದೆ. ನಡುವೆ ಅರವತ್ತು ವರ್ಷ ಮಿಕ್ಕ ಅಂತರ. ಒಬ್ಬನೇ ಮನುಷ್ಯನೋ, ಹೆಸರು ಹೊತ್ತ ಮೊಮ್ಮಗನೋ? ಕಲ್ಲಿನ ಮೇಲಿನ ಹೆಸರೇ ಇಷ್ಟು ಯೋಚನೆಗೆ ಹಚ್ಚುವಾಗ, ಹೆಸರಿಲ್ಲದ ಗಾಜಿನ ಬಗ್ಗೆ ಗಟ್ಟಿಯಾಗಿ ಹೇಳೋದು ಹೇಗೆ?

ಆ ಚೀಟಿ ಸಣ್ಣ ವಿಷಯ ಅಲ್ಲ. ಐವತ್ತು ವರ್ಷ ಬಿಟ್ಟು ಅದನ್ನು ಓದುವವರಿಗೆ ನನ್ನ ಮಾತೇ ಶಾಸನ. ಬೆಲ್ಜಿಯಂ ಅಂತ ಬಾಯಿಮಾತು ಹಬ್ಬಿದ್ದು ಸಾಲದು ಅಂತ ನಾನೊಂದು ಬರಹದ ಸುಳ್ಳು ಸೇರಿಸಬಾರದು.

ಅಮ್ಮನಿಗೆ ಹೇಳುವಾಗ ಸ್ವಲ್ಪ ಅಳುಕಿತ್ತು. "ಬೆಲ್ಜಿಯಂ ಅಲ್ಲ ಅಮ್ಮ, ಹೆಚ್ಚಾಗಿ ಫಿರೋಜಾಬಾದು. ಗಾಜಿನ ಬಳೆ ಮಾಡೋ ಊರು."

ಅವರು ಒಂದು ಗಳಿಗೆ ಸುಮ್ಮನಿದ್ದು, ತಮ್ಮ ಕೈ ನೋಡಿಕೊಂಡರು. "ಬಳೆ ಊರಿನವರೇ ಕೈ ಮಾಡಿದ್ದು ಅನ್ನು. ಹಂಗೇ ಬರಿ."

ಬರೆದೆ: "ಅಚ್ಚಿನಲ್ಲಿ ಊದಿದ ಸೋಡಾ ಗಾಜು, ಮೇಲೆ ಕಿತ್ತಳೆ ಮಿಂಚು. 20ನೇ ಶತಮಾನದ್ದು. ಗುರುತಿಲ್ಲ. ಹೋಲಿಕೆಯಿಂದ ಫಿರೋಜಾಬಾದಿನದು, ಬಹುಶಃ ಜೈನ್ ಗ್ಲಾಸ್ ವರ್ಕ್ಸ್‌ನದು." ಕೆಳಗೆ ನನ್ನ ಹೆಸರು, ತಾರೀಖು ಹಾಕಿದೆ. "ಬಹುಶಃ" ಅನ್ನೋದನ್ನು ಯಾರೂ ಅಳಿಸಬಾರದು ಅಂತ ಗೆಳೆಯನಿಗೆ ಹೇಳಿ ಬಂದಿದ್ದೇನೆ.

ನಿಮ್ಮ ಮನೆಯಲ್ಲಿ ಇಂಥದೇ ಕೈ ಹೂದಾನಿ ಇದ್ದು, ಅದರ ತಳದಲ್ಲಿ ಒಂದಕ್ಷರವಾದರೂ ಕಂಡರೆ ದಯವಿಟ್ಟು ಫೋಟೋ ತೆಗೆದು ಕಳಿಸಿ. ಆ ಒಂದಕ್ಷರದಿಂದ ನಮ್ಮ ಚೀಟಿ ತಿದ್ದಬಹುದು.